ಆಲೂಗಡ್ಡೆ ಜಾಸ್ತಿ ಬೆಂದಾಗ ಹೋದ ಕರೆಂಟು

ಆಷಾಢದಲ್ಲಿ ನಮ್ಮ ಸಾಗರದ ಕಡೆ ಗಂಡಸರಿಗೆ ಕೆಲಸ ಎರಡೇ. ಮಳೆ ನೋಡುವುದು, ಮಳೆ ನಿಂತಿತಾ ಎಂದು ನೋಡುವುದು. ಈ ವರ್ಷ ಮೂರನೆಯದೊಂದು ಸೇರಿಕೊಂಡಿದೆ. ಮನೆಯಿಂದಲೇ ಕೆಲಸ ಅಂತ ಬೆಂಗಳೂರಿನಿಂದ ಬಂದು ಕೂತ ನನ್ನ ಅಣ್ಣನ ಮಗ ಒಂದು ಪುಟ್ಟ ಪ್ರೊಜೆಕ್ಟರ್ ತಂದಿದ್ದಾನೆ. ಶನಿವಾರ ರಾತ್ರಿ ಜಗಲಿಯ ಗೋಡೆಗೆ ಅವನಪ್ಪನ ಬಿಳಿ ಪಂಚೆ ಕಟ್ಟಿ ಸಿನಿಮಾ ತೋರಿಸುತ್ತಾನೆ. ಹಾಡು, ಫೈಟು ಇರುವ ಸಿನಿಮಾ ಅಂದುಕೊಳ್ಳಬೇಡಿ. ಅಂಥದ್ದಾದರೆ ಪಕ್ಕದ ಮನೆ ಭಟ್ಟರು ಹೆಂಡತಿಯನ್ನೂ ಕರೆದುಕೊಂಡು ಬರುತ್ತಿದ್ದರು. ಈಗ ಒಬ್ಬರೇ ಬರುತ್ತಾರೆ. ಅದೂ ಹಲಸಿನ ಹಪ್ಪಳಕ್ಕೆ.

ಮೊನ್ನೆ ಶನಿವಾರ ಹಾಕಿದ್ದು 'ಝಾನ್ ಡೀಲ್‌ಮನ್'. ಶಾಂತಾಲ್ ಅಕರ್ಮನ್ ಎಂಬಾಕೆ 1975ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ ಮಾಡಿದ ಚಿತ್ರ. ಬ್ರಸೆಲ್ಸ್‌ನ ಒಬ್ಬ ವಿಧವೆಯ ಮೂರು ದಿನ. ಹಾಸಿಗೆ ಸರಿ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಆಲೂಗಡ್ಡೆ ಸುಲಿಯುತ್ತಾಳೆ. ಮಧ್ಯಾಹ್ನ ಗಂಡಸೊಬ್ಬ ಬಂದು ದುಡ್ಡು ಕೊಟ್ಟು ಹೋಗುತ್ತಾನೆ. ಆ ಭಾಗ ಬಂದಾಗ ಭಟ್ಟರು ಪೂರ್ತಿ ಹಪ್ಪಳದ ಕಡೆ ತಿರುಗಿಬಿಟ್ಟರು. ಒಟ್ಟು 201 ನಿಮಿಷ.

"ಕಥೆ ಯಾವಾಗ ಶುರುವಾಗ್ತದೆ ಮಾರಾಯ?" ಎಂದರು ಅರ್ಧ ಗಂಟೆ ಆದಮೇಲೆ.

"ಶುರುವಾಗಿ ಅರ್ಧ ಗಂಟೆ ಆಯ್ತು" ಎಂದ ಹುಡುಗ.

ನಾನು ಒಂದು ನಿದ್ದೆ ಮುಗಿಸಿ ಎದ್ದಾಗಲೂ ಅವಳು ಅಡುಗೆಮನೆಯಲ್ಲೇ ಇದ್ದಳು. ಆಗ ಬಾಗಿಲ ಬಳಿ ನಿಂತಿದ್ದ ಅತ್ತಿಗೆ "ಅಯ್ಯೋ!" ಎಂದರು. ನಮಗೆಲ್ಲ ಗಾಬರಿ. ಹಾವೇನಾದರೂ ಬಂತೇ?

"ಆಲೂಗಡ್ಡೆ ಜಾಸ್ತಿ ಬೆಂದುಹೋಯ್ತು! ಇಷ್ಟು ಅಚ್ಚುಕಟ್ಟಿನವಳು ಒಲೆ ಮೇಲೆ ಇಟ್ಟಿದ್ದು ಮರೀತಾಳೆ ಅಂದ್ರೆ ಅವಳಿಗೆ ಏನೋ ಆಗಿದೆ. ಬಂದವನು ಏನಾದರೂ ಅಂದನಾ?"

ಹುಡುಗ ಬಾಯಿ ಬಿಟ್ಟುಕೊಂಡು ಅಮ್ಮನನ್ನೇ ನೋಡಿದ. ಇಡೀ ಸಿನಿಮಾ ತಿರುಗುವುದೇ ಆ ಪಾತ್ರೆಯ ಮೇಲಂತೆ. ಅವನಿಗೆ ಅದು ಗೊತ್ತಾಗಿದ್ದು ನಾಲ್ಕು ಲೇಖನ ಓದಿದ ಮೇಲೆ. "2022ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಜಗತ್ತಿನ ವಿಮರ್ಶಕರನ್ನು ಕೇಳಿದಾಗ ಎಲ್ಲಾ ಸಿನಿಮಾಗಳಿಗಿಂತ ಮೇಲೆ ಇದನ್ನೇ..." ಎಂದು ಅವನು ಹೇಳುತ್ತಿರುವಾಗಲೇ ಕರೆಂಟು ಹೋಯಿತು.

ಎಲ್ಲೋ ಲೈನಿನ ಮೇಲೆ ಮರ ಬಿದ್ದಿರಬೇಕು. ಇನ್ವರ್ಟರ್ ಎರಡು ಬಲ್ಬಿಗಷ್ಟೇ ಸಾಕು. ಲ್ಯಾಪ್‌ಟಾಪಿನ ಬ್ಯಾಟರಿ ಹುಡುಗನ ಆಫೀಸಿಗೆ ಮೀಸಲು, ಅದನ್ನು ಮುಟ್ಟುವಂತಿಲ್ಲ. ಅತ್ತಿಗೆ ಕಷಾಯ ತಂದರು. ಇನ್ನು ಹರಟೆಯೇ ಗತಿ.

"ಇಂಥವನ್ನೆಲ್ಲ ಎಲ್ಲಿಂದ ಹುಡುಕಿ ತರ್ತೀಯೋ?" ಎಂದು ಭಟ್ಟರು ಶುರು ಮಾಡಿದರು. ಔಷಧಿ ಅಂಗಡಿಯವನನ್ನು ಕೇಳುವ ದನಿ.

"ಒಂದರಿಂದ ಇನ್ನೊಂದು ಸಿಗ್ತದೆ ಭಟ್ರೇ. ಅಣಬೆ ಥರ. ಒಂದು ಕಂಡ್ರೆ ಅಲ್ಲೇ ಸುತ್ತಮುತ್ತ ನೋಡ್ಬೇಕು." ಅವನಿಗೆ ಮೊದಲು ಸಿಕ್ಕಿದ್ದು ಎರಲ್ ಮಾರಿಸ್ ಎಂಬ ಅಮೆರಿಕದವನ ಸಾಕ್ಷ್ಯಚಿತ್ರ, 1978ರದ್ದು. ಸತ್ತ ನಾಯಿ ಬೆಕ್ಕುಗಳ ಸ್ಮಶಾನದ ಬಗ್ಗೆ. ಮಾರಿಸ್ ಸಿನಿಮಾ ಮಾಡುತ್ತೇನೆ, ಮಾಡುತ್ತೇನೆ ಅನ್ನುತ್ತಿದ್ದನೇ ಹೊರತು ಮಾಡುತ್ತಿರಲಿಲ್ಲವಂತೆ. ಜರ್ಮನಿಯ ನಿರ್ದೇಶಕ ವರ್ನರ್ ಹರ್ಜೋಗ್, ನೀನು ಮುಗಿಸಿದರೆ ನನ್ನ ಬೂಟು ತಿನ್ನುತ್ತೇನೆ ಎಂದ. ಇವನು ಮುಗಿಸಿಯೇಬಿಟ್ಟ.

"ತಿಂದನಾ?"

"ಗಂಟೆಗಟ್ಟಲೆ ಬೇಯಿಸಿ, ಬೆಳ್ಳುಳ್ಳಿ, ಸೊಪ್ಪು ಎಲ್ಲ ಹಾಕಿ, ಜನರ ಎದುರು ಕತ್ತರಿಸಿ ತಿಂದ. ಲೆಸ್ ಬ್ಲ್ಯಾಂಕ್ ಅನ್ನೋನು ಅದನ್ನೇ ಇಪ್ಪತ್ತು ನಿಮಿಷದ ಇನ್ನೊಂದು ಸಿನಿಮಾ ಮಾಡಿದ."

ಭಟ್ಟರು ಯೋಚಿಸಿದರು. "ಬೆಳ್ಳುಳ್ಳಿ ಹಾಕಿದ್ನಾ? ಹಂಗಾರೆ ನಮಗೆ ಆಗೂದಿಲ್ಲ."

ನಮ್ಮ ಚಪ್ಪಲಿಗೆ ಜೂನ್‌ನಲ್ಲೇ ಬೂಷ್ಟು ಹಿಡಿಯುವುದರಿಂದ ಮಲೆನಾಡಿನಲ್ಲಿ ಯಾರೂ ಹೀಗೆ ಪಂಥ ಕಟ್ಟುವುದಿಲ್ಲ ಎಂದು ನಾನು ಸೇರಿಸಿದೆ. ಯಾರೂ ನಗಲಿಲ್ಲ.

ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಮೇಷ್ಟ್ರು ಈಗ ಗಂಟಲು ಸರಿ ಮಾಡಿಕೊಂಡರು. "ನೀವೇ ಮೊದಲು ನೋಡಿದವರ ಥರ ಆಡಬೇಡಿ. ಇಲ್ಲಿಂದ ಆರು ಮೈಲಿ ಹೆಗ್ಗೋಡು. 1973ರಲ್ಲಿ ಸುಬ್ಬಣ್ಣನವರ ನಾಟಕ ಸಂಸ್ಥೆ ನೀನಾಸಂ, ಸಿನಿಮಾ ತೋರಿಸೋಕೆ ಅಂತ ಚಿತ್ರಸಮಾಜ ಶುರು ಮಾಡ್ತು. ಪುಣೆಯಿಂದ ಸತೀಶ್ ಬಹಾದ್ದೂರ್ ಬಂದು ಸಿನಿಮಾ ನೋಡೋದು ಹೇಗೆ ಅಂತ ಪಾಠ ಮಾಡ್ತಿದ್ರು. ಫಿಲ್ಮ್ ಆರ್ಕೈವ್ ಕಟ್ಟಿದ ಪಿ.ಕೆ. ನಾಯರ್ ಡಬ್ಬಿ ಡಬ್ಬಿ ರೀಲು ಕಳಿಸ್ತಿದ್ರು. ಆ ನಾಯರ್ ಬಗ್ಗೆ 2012ರಲ್ಲಿ 'ಸೆಲ್ಯುಲಾಯ್ಡ್ ಮ್ಯಾನ್' ಅಂತ ಸಾಕ್ಷ್ಯಚಿತ್ರ ಬಂತಲ್ಲ, ಅದರಲ್ಲಿ ನಮ್ಮ ಹೆಗ್ಗೋಡೂ ಇದೆ. ಅಡಿಕೆ ಸುಲಿಯೋ ಜನ ಇಟಲಿಯ ಸಿನಿಮಾ ನೋಡಿದ್ದಾರಪ್ಪ ಇಲ್ಲಿ."

"ಸೈಕಲ್ ಕಳ್ಳರದ್ದು ತಾನೆ? ನಮ್ಮಪ್ಪನೂ ನೋಡಿದ್ದ" ಎಂದರು ಭಟ್ಟರು. "ಆ ರಾತ್ರಿ ಮನೆಗೆ ಬಂದವನೇ ಸೈಕಲನ್ನು ನಡುಮನೆಗೆ ತಂದಿಟ್ಟ. ಸಾಯೋವರೆಗೂ ಹೊರಗೆ ಬಿಡಲಿಲ್ಲ. ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಾ?"

ಭಟ್ಟರ ನಿಜವಾದ ತಕರಾರು ಬೇರೆ. ಅವಾರ್ಡ್ ಸಿನಿಮಾ ಅಂದರೆ ಕತ್ತಲು. 'ಘಟಶ್ರಾದ್ಧ' ಮಾಡಿದ ಕಾಸರವಳ್ಳಿಯವರು ನಮ್ಮ ತೀರ್ಥಹಳ್ಳಿ ಕಡೆಯವರೇ ಆದರೂ, ಅವರ ಮೇಲೂ ಇದೇ ದೂರು. "ನಮ್ಮ ಮನೆಗಳೇ ಕತ್ತಲಲ್ಲವೇ?" ಎಂದು ಅತ್ತಿಗೆ ಕೇಳಿದರು. ಬಲ್ಬು ನೋಡಿ ಭಟ್ಟರು ಸುಮ್ಮನಾದರು.

ಆದರೆ ಎಷ್ಟು ಹೊತ್ತು? ಆನಂದ್ ಪಟವರ್ಧನ್ ತಮ್ಮ ಸಾಕ್ಷ್ಯಚಿತ್ರ 'ಜೈ ಭೀಮ್ ಕಾಮ್ರೇಡ್' ಮಾಡಲು ಹದಿನಾಲ್ಕು ವರ್ಷ ತೆಗೆದುಕೊಂಡರು ಎಂದು ಹುಡುಗ ಹೇಳಿದ್ದೇ ತಡ, "ನಮ್ಮ ಬೇಲಿ ಕೇಸು ಇಪ್ಪತ್ತೆರಡು ವರ್ಷ ನಡೀತು, ಅದನ್ನೂ ತೆಗೀಲಿ" ಎಂದರು. ಹುಡುಗ ನಗಲಿಲ್ಲ. 1997ರಲ್ಲಿ ಮುಂಬೈನ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ ಹತ್ತು ಮಂದಿ ದಲಿತರು ಸತ್ತರು. ಅದನ್ನು ತಡೆಯಲಾರದೆ ಪಟವರ್ಧನ್‌ರ ಗೆಳೆಯ, ಹಾಡುಗಾರ ವಿಲಾಸ್ ಘೋಗ್ರೆ ನೇಣು ಹಾಕಿಕೊಂಡರು. ಅಲ್ಲಿಂದ ಶುರುವಾಗಿ 2011ಕ್ಕೆ ಮುಗಿದ ಚಿತ್ರ ಅದು.

ಸ್ವಲ್ಪ ಹೊತ್ತು ಮಳೆ ಮಾತ್ರ ಮಾತಾಡಿತು. "ಅದನ್ನು ಮುಂದಿನ ವಾರ ಹಾಕು" ಎಂದರು ಭಟ್ಟರು. ಹಪ್ಪಳ ಕೇಳಲಿಲ್ಲ.

ನನಗೆ ಇವರೆಲ್ಲರಿಗಿಂತ ಇಷ್ಟವಾದವಳು ಆಗ್ನೆಸ್ ವಾರ್ದಾ. ಫ್ರಾನ್ಸಿನ ಅಜ್ಜಿ. ಎಪ್ಪತ್ತು ದಾಟಿದ ಮೇಲೆ ಕೈಯಲ್ಲಿ ಹಿಡಿಯುವ ಸಣ್ಣ ಡಿಜಿಟಲ್ ಕ್ಯಾಮೆರಾ ತೆಗೆದುಕೊಂಡು, ಕೊಯ್ಲಾದ ಹೊಲದಲ್ಲಿ ಉಳಿದದ್ದನ್ನು ಹೆಕ್ಕುವವರ ಹಿಂದೆ ಹೋದಳು. ನಮ್ಮ ತೋಟದಲ್ಲಿ ಉದುರು ಅಡಿಕೆ ಹೆಕ್ಕುವುದಿಲ್ಲವೇ, ಹಾಗೆ. ಒಮ್ಮೆ ಕ್ಯಾಮೆರಾ ಬಂದ್ ಮಾಡಲು ಮರೆತಳು. ನೇತಾಡುವ ಲೆನ್ಸ್ ಮುಚ್ಚಳವೇ ರೆಕಾರ್ಡ್ ಆಗಿಬಿಟ್ಟಿತು. ಅವಳು ಅದನ್ನು ಎಸೆಯಲಿಲ್ಲ. ಸಂಗೀತ ಹಾಕಿ, ಮುಚ್ಚಳದ ಕುಣಿತ ಅಂತ ಸಿನಿಮಾದಲ್ಲೇ ಇಟ್ಟಳು.

"ನಮ್ಮ ತಂಗಿ ಮದುವೆಯಲ್ಲೂ ವಿಡಿಯೋದವನು ಹಿಂಗೇ ಮಾಡಿದ್ದ" ಎಂದರು ಭಟ್ಟರು. "ಧಾರೆ ಹೊತ್ತಿಗೆ ಬರೀ ಅವನ ಪ್ಯಾಂಟು. ನಾವು ಅರ್ಧ ದುಡ್ಡು ಹಿಡಿದ್ವಿ."

"ಕಲಾವಿದನ ಹೊಟ್ಟೆ ಮೇಲೆ ಹೊಡೆದಿರಿ" ಎಂದರು ಮೇಷ್ಟ್ರು.

ಹುಡುಗ ಇದೇ ಸಮಯ ಅಂತ ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಿದ. ಉತ್ತರ ಕನ್ನಡದ ನಟೇಶ್ ಹೆಗಡೆ ಸ್ವಂತ ಅಪ್ಪನನ್ನೇ ಮುಖ್ಯ ಪಾತ್ರಕ್ಕೆ ಹಾಕಿ 'ಪೆಡ್ರೋ' ಮಾಡಿದರು, 2021ರಲ್ಲಿ ಅದು ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. ಹಾಗಾಗಿ ತಾನೂ...

"ನಿಮ್ಮಪ್ಪನನ್ನಾ?" ಎಂದರು ಅತ್ತಿಗೆ. ಅಣ್ಣ ಒಳಗೆ ಗೊರಕೆ ಹೊಡೆಯುತ್ತಿದ್ದ. "ಮಲಗಿರೋ ಪಾತ್ರ ಇದ್ರೆ ಹಾಕು. ಚೆನ್ನಾಗಿ ಮಾಡ್ತಾರೆ."

ಹನ್ನೊಂದೂವರೆಗೆ ಕರೆಂಟು ಬಂತು. ಮೇಷ್ಟ್ರಿಗೆ ನಿದ್ದೆ ಬಂದಿತ್ತು. ಭಟ್ಟರು ಟಾರ್ಚು, ಕೊಡೆ ಹಿಡಿದು ಎದ್ದರು. ಹುಡುಗ ಪಂಚೆ ಬಿಚ್ಚಲು ಹೋದ.

"ಅದನ್ಯಾಕೆ ಬಿಚ್ತೀಯ? ಅಲ್ಲಿಂದಲೇ ಹಾಕು."

"ಅಮ್ಮ, ಇನ್ನೂ ಸುಮಾರು ಎರಡು ಗಂಟೆ ಇದೆ."

"ಇರಲಿ. ಮಗ ಊಟಕ್ಕೆ ಬರೋದ್ರೊಳಗೆ ಅವಳು ಏನು ಮಾಡ್ತಾಳೆ ನೋಡ್ಬೇಕು."

ಬ್ರಸೆಲ್ಸ್‌ನವಳು ಹೊರಗೆ ಹೋಗಿ ಬೇರೆ ಆಲೂಗಡ್ಡೆ ತಂದಳು. ಕೂತು ಮತ್ತೆ ಸುಲಿಯತೊಡಗಿದಳು. ಅತ್ತಿಗೆ ಮೊರದಲ್ಲಿ ಹಲಸಿನ ಬೀಜ ತಂದಿಟ್ಟುಕೊಂಡು, ಅವಳನ್ನೇ ನೋಡುತ್ತಾ ಸಿಪ್ಪೆ ತೆಗೆಯತೊಡಗಿದರು. ಭಟ್ಟರು ಮೆಟ್ಟಿಲ ಮೇಲೆ ಕೊಡೆ ಬಿಚ್ಚಿಕೊಂಡೇ ನಿಂತರು. ಹುಡುಗ ಮೆಲ್ಲಗೆ ಎದ್ದು ಫೋನು ಎತ್ತಿ ಅಮ್ಮನ ಕಡೆ ತಿರುಗಿಸಿದ.

"ಫೋನ್ ಕೆಳಗಿಡೋ. ನಿನ್ನ ನೆರಳು ಅವಳ ಮೇಲೆ ಬೀಳ್ತಿದೆ."