ಹಾರ್ಮೋನಿಕ್ ಪ್ಯಾಟರ್ನ್: ಒಂದೇ ಚಾರ್ಟಿನಲ್ಲಿ ಗಾರ್ಟ್ಲಿಯೂ ಬ್ಯಾಟೂ ಕಂಡರೆ ಯಾವುದನ್ನು ನಂಬಬೇಕು?

ಪ್ರಶ್ನೆ (ಸಿಂಧನೂರು, ರಾಯಚೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನ ಭತ್ತದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆವಕ ಕಡಿಮೆಯಿರುವ ತಿಂಗಳುಗಳಲ್ಲಿ ಷೇರುಪೇಟೆಯ ಚಾರ್ಟ್ ಅಭ್ಯಾಸ ಮಾಡುತ್ತಿದ್ದು, ಈಗ ಏರಿಳಿತಗಳ ಅನುಪಾತದಿಂದ ಬೆಲೆ ತಿರುಗುವ ಜಾಗವನ್ನು ಅಂದಾಜಿಸುವ ಹಾರ್ಮೋನಿಕ್ ಪ್ಯಾಟರ್ನ್‌ಗಳನ್ನು ಕಲಿಯುತ್ತಿದ್ದೇನೆ. ಎಕ್ಸ್, ಎ, ಬಿ, ಸಿ, ಡಿ ಎಂಬ ಐದು ಬಿಂದುಗಳನ್ನು ಗುರುತಿಸಿ, ಒಂದೊಂದು ಏರಿಳಿತವನ್ನೂ ಫಿಬೊನಾಚಿ ಅನುಪಾತದಲ್ಲಿ ಅಳೆಯುವುದು ತಿಳಿದಿದೆ. ಎಕ್ಸ್‌ನಿಂದ ಎವರೆಗಿನ ಏರಿಕೆಯಲ್ಲಿ ಎಷ್ಟು ಭಾಗ ಮರಳಿ ಇಳಿಯಿತು ಎಂಬ ಲೆಕ್ಕದಲ್ಲಿ, ಬಿ ಬಿಂದು 0.618ರ ಬಳಿ ನಿಂತು ಡಿ ಬಿಂದು 0.786ಕ್ಕೆ ಬಂದರೆ ಗಾರ್ಟ್ಲಿ. ಬಿ ಬಿಂದು 0.382ರಿಂದ 0.5ರೊಳಗೆ ನಿಂತು ಡಿ ಬಿಂದು 0.886ಕ್ಕೆ ಇಳಿದರೆ ಬ್ಯಾಟ್.

ನನ್ನ ತೊಡಕು ಹೀಗಿದೆ. ಒಂದು ಷೇರು 400 ರೂಪಾಯಿಯಿಂದ 500ಕ್ಕೆ ಏರಿ, 440ಕ್ಕೆ ಇಳಿದು, ಮತ್ತೆ 476ಕ್ಕೆ ಏರಿ ಈಗ ಇಳಿಯುತ್ತಿದೆ. 400 ಅನ್ನು ಎಕ್ಸ್ ಎಂದು ಹಿಡಿದರೆ ಬಿ ಬಿಂದು 0.60ರಲ್ಲಿದ್ದು ಗಾರ್ಟ್ಲಿ ಆಗುತ್ತದೆ, ಡಿ ಸುಮಾರು 421ರಲ್ಲಿ ಬರಬೇಕು. ಆದರೆ ಅದಕ್ಕೂ ಸ್ವಲ್ಪ ಹಿಂದೆ 370ರ ತಳವೊಂದಿದೆ. ಅದನ್ನು ಎಕ್ಸ್ ಎಂದು ಹಿಡಿದರೆ ಅದೇ ಬಿ ಬಿಂದು 0.46 ಆಗಿ ಬ್ಯಾಟ್ ರೂಪುಗೊಳ್ಳುತ್ತದೆ, ಡಿ ಸುಮಾರು 385ಕ್ಕೆ ಹೋಗುತ್ತದೆ. ಎರಡರ ನಡುವೆ 36 ರೂಪಾಯಿ ಅಂತರ. ಖರೀದಿ ಎಲ್ಲಿ, ನಷ್ಟ ಹೆಚ್ಚದಂತೆ ಮಾರಿ ಹೊರಬರುವ ಬೆಲೆಯಾದ ಸ್ಟಾಪ್‌ಲಾಸ್ ಎಲ್ಲಿ ಎಂಬುದನ್ನು ಅನುಭವಸ್ಥರು ಯಾವ ಆಧಾರದ ಮೇಲೆ ನಿರ್ಧರಿಸುತ್ತೀರಿ?

ಉತ್ತರ 1 (ಬಳ್ಳಾರಿ)

ಸರ್, ಅಂಕಿಗಳನ್ನೇ ಕೊಟ್ಟು ಕೇಳಿದ್ದರಿಂದ ಅಂಕಿಗಳಲ್ಲೇ ಉತ್ತರಿಸುವುದು ಸಾಧ್ಯವಾಗಿದೆ. ಡಿ ಬಿಂದುವನ್ನು ಒಂದೇ ಅನುಪಾತದಿಂದ ನಿರ್ಧರಿಸುವ ಪದ್ಧತಿ ಇಲ್ಲ; ಎರಡು ಮೂರು ಬೇರೆ ಬೇರೆ ಲೆಕ್ಕಗಳು ಒಂದೇ ಜಾಗದಲ್ಲಿ ಕೂಡುತ್ತವೆಯೇ ಎಂದು ನೋಡುತ್ತಾರೆ. ನಿಮ್ಮ ಗಾರ್ಟ್ಲಿಯಲ್ಲಿ ಎಕ್ಸ್‌ಎ ಏರಿಕೆಯ 0.786 ಲೆಕ್ಕ 421.4 ಕೊಡುತ್ತದೆ. ಎಬಿ ಇಳಿಕೆ 60 ರೂಪಾಯಿ. ಸಿಡಿ ಇಳಿಕೆಯೂ ಅಷ್ಟೇ ಎಂದುಕೊಂಡರೆ 476ರಿಂದ 416. ಬಿಸಿ ಏರಿಕೆಯಾದ 36 ರೂಪಾಯಿಯ 1.618 ಪಟ್ಟನ್ನು ಸಿ ಬಿಂದುವಿನಿಂದ ಕಳೆದರೆ 417.8. ಹೀಗೆ 416ರಿಂದ 421ರೊಳಗೆ ಮೂರೂ ಕೂಡಿರುವುದರಿಂದ ಇದು ಒಳ್ಳೆಯ ತಿರುವು ವಲಯವೇ. ಆದರೆ ಬ್ಯಾಟ್ ಲೆಕ್ಕವನ್ನೂ ಮಾಡಿ ನೋಡಿ: 0.886ಕ್ಕೆ 384.8, ಬಿಸಿಯ 2.618 ಪಟ್ಟಿಗೆ 381.8, ಎಬಿಯ 1.618 ಪಟ್ಟಿಗೆ 379. ಅಲ್ಲಿಯೂ ಮೂರು ಕೂಡುತ್ತವೆ. ಯಾವುದು ನಿಜ ಎಂದು ಚಾರ್ಟ್ ಮುಂಚಿತವಾಗಿ ಹೇಳುವುದಿಲ್ಲ, ಹೇಳಲಿ ಎಂದು ಅದರಿಂದ ನಿರೀಕ್ಷಿಸುವುದೂ ಸರಿಯಲ್ಲ.

ನನ್ನ ಮಟ್ಟಿಗೆ ಈ ಪ್ಯಾಟರ್ನ್‌ಗಳು ಭವಿಷ್ಯ ಹೇಳುವ ಸಾಧನಗಳಲ್ಲ. ನಮ್ಮ ಅಂದಾಜು ತಪ್ಪಾಯಿತೆಂಬುದು ಬೇಗ ಹಾಗೂ ಕಡಿಮೆ ಖರ್ಚಿನಲ್ಲಿ ತಿಳಿಯುವ ಜಾಗವನ್ನು ತೋರಿಸುವ ಸಾಧನಗಳು. 418ರವರೆಗೆ ಇಳಿದ ಬೆಲೆ ತಿರುಗಿ, ಚಾರ್ಟಿನಲ್ಲಿ ಒಂದು ಅವಧಿಯ ಬೆಲೆಗಳನ್ನು ತೋರಿಸುವ ಗುರುತಾದ ಹಿಂದಿನ ಕ್ಯಾಂಡಲ್‌ನ ಗರಿಷ್ಠ ಬೆಲೆಯ ಮೇಲೆ ಮುಗಿದರೆ ಮಾತ್ರ ನಾನು 423ರ ಆಸುಪಾಸಿನಲ್ಲಿ ಕೊಳ್ಳುತ್ತೇನೆ. ಸ್ಟಾಪ್‌ಲಾಸ್ ಎಕ್ಸ್ ಬಿಂದುವಿನ ಕೆಳಗೆ, 398ರಲ್ಲಿ. ಅಪಾಯ 25 ರೂಪಾಯಿ. ಮೊದಲ ಗುರಿ ಎಡಿ ಇಳಿಕೆಯ 0.382, ಅಂದರೆ ಸುಮಾರು 449. ಲಾಭ 26 ರೂಪಾಯಿ. ಅಪಾಯವೂ ಲಾಭವೂ ಹೆಚ್ಚುಕಡಿಮೆ ಸಮ ಆಗಿರುವುದರಿಂದ ಅರ್ಧದಷ್ಟು ವ್ಯವಹಾರಗಳು ಗೆದ್ದರೂ ಬ್ರೋಕರೇಜು, ತೆರಿಗೆ ಕಳೆದ ಮೇಲೆ ಕೈಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಅರ್ಧ ಭಾಗವನ್ನು ಮಾರಿ, ಉಳಿದುದನ್ನು 0.618ರ ಗುರಿಯಾದ 469ರವರೆಗೆ ಹಿಡಿಯುವ ತಾಳ್ಮೆ ಬೇಕು. ಬಂಡವಾಳ ಎರಡು ಲಕ್ಷವಿದ್ದು, ಒಂದು ವ್ಯವಹಾರದಲ್ಲಿ ಶೇ 1ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬ ಕಟ್ಟುಪಾಡು ಹಾಕಿಕೊಂಡರೆ ಇಲ್ಲಿ ಕೊಳ್ಳಬಹುದಾದದ್ದು 80 ಷೇರು ಮಾತ್ರ. 398 ಮುರಿದರೆ ಹೊರಬಂದು, 385ರಲ್ಲಿ ಬ್ಯಾಟ್ ಅನ್ನು ಪ್ರತ್ಯೇಕ ವ್ಯವಹಾರವೆಂದೇ ಪರಿಗಣಿಸಬೇಕು. ಗಾರ್ಟ್ಲಿಯಲ್ಲಿ ಸಿಕ್ಕಿಬಿದ್ದ ಷೇರನ್ನು "ಇದು ಬ್ಯಾಟ್ ಆಗಿರಬಹುದು" ಎಂದು ಹಿಡಿದುಕೊಂಡು ಕೂರುವುದೇ ಈ ವಿದ್ಯೆಯ ಅತಿ ದೊಡ್ಡ ಗಂಡಾಂತರ ಎಂದು ಖಚಿತವಾಗಿ ಹೇಳುತ್ತೇನೆ.

ಉತ್ತರ 2 (ರಾಯಚೂರು)

ಬಳ್ಳಾರಿಯ ಅಣ್ಣನವರ ಲೆಕ್ಕ ಸರಿಯಾಗಿದೆ. ಸಂಖ್ಯಾಶಾಸ್ತ್ರ ಕಲಿಸುವವನಾಗಿ ನಾನು ಎತ್ತುವ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು. ಈ ಅನುಪಾತಗಳಿಗೆ ನಿಜವಾಗಿಯೂ ಶಕ್ತಿ ಇದೆಯೇ?

ಎಚ್. ಎಂ. ಗಾರ್ಟ್ಲಿ 1935ರಲ್ಲಿ ಈ ಆಕೃತಿಯನ್ನು ವಿವರಿಸಿದಾಗ ಅದಕ್ಕೆ ಫಿಬೊನಾಚಿ ಅನುಪಾತಗಳನ್ನು ಜೋಡಿಸಿರಲಿಲ್ಲ. ಅವನ್ನು ಸೇರಿಸಿದವರು ಲ್ಯಾರಿ ಪೆಸವೆಂಟೊ, ಸ್ಕಾಟ್ ಕಾರ್ನಿ ಮುಂತಾದ ನಂತರದವರು; ಬ್ಯಾಟ್ ಅನ್ನು ಕಾರ್ನಿ ಗುರುತಿಸಿದ್ದು 2001ರಲ್ಲಿ. 0.786 ಎಂಬುದು 0.618ರ ವರ್ಗಮೂಲ, 0.886 ಎಂಬುದು ಆ ವರ್ಗಮೂಲದ ವರ್ಗಮೂಲ. ಗಣಿತವೇನೋ ಚೆಂದವಾಗಿದೆ, ಆದರೆ ಪೇಟೆ ಅದನ್ನು ಪಾಲಿಸುತ್ತದೆ ಎಂಬುದಕ್ಕೆ ಆ ಚೆಂದ ಪುರಾವೆಯಾಗಲಾರದು. ಬಹಳ ಜನ ಬಳಸುವ ಶೇ 3ರ ಸಡಿಲಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: 0.786 ಎಂದರೆ 0.762ರಿಂದ 0.810ರವರೆಗೆ, 0.886 ಎಂದರೆ 0.859ರಿಂದ 0.913ರವರೆಗೆ. ಅಂದರೆ 0.762ರಿಂದ 0.913ರವರೆಗಿನ ಪಟ್ಟಿಯಲ್ಲಿ ಮೂರರಲ್ಲಿ ಎರಡು ಭಾಗ ಈ ಎರಡೇ ಪ್ಯಾಟರ್ನ್‌ಗಳಿಗೆ ಸೇರಿಬಿಡುತ್ತದೆ. ಬೆಲೆ ಅಲ್ಲಿ ಎಲ್ಲಿಯೇ ತಿರುಗಿದರೂ ಬಹುಪಾಲು ಸಲ ಯಾವುದಾದರೊಂದು ಹೆಸರು ಹೊಂದಿಕೊಳ್ಳುತ್ತದೆ.

ಇನ್ನೊಂದು ಅಪಾಯ ಹಳೆಯ ಚಾರ್ಟುಗಳದ್ದು. ಪ್ಯಾಟರ್ನ್‌ಗಳನ್ನು ತಾನಾಗಿ ಗುರುತಿಸುವ ಅನೇಕ ಇಂಡಿಕೇಟರ್‌ಗಳು ಬೆಲೆ ತಿರುಗಿದ ಮೇಲಷ್ಟೇ ಡಿ ಬಿಂದುವನ್ನು ಖಚಿತಪಡಿಸುತ್ತವೆ. ತಿರುಗದೆ ಮುಂದುವರಿದರೆ ಗುರುತನ್ನು ಅಳಿಸಿ ಕೆಳಗೆ ಸರಿಸುತ್ತವೆ. ಸೋತ ಪ್ಯಾಟರ್ನ್‌ಗಳು ಹಾಗೆ ಕಣ್ಮರೆಯಾಗಿ, ಗೆದ್ದವು ಮಾತ್ರ ಚಾರ್ಟಿನಲ್ಲಿ ಉಳಿಯುತ್ತವೆ. ಆದ್ದರಿಂದ ಚಾರ್ಟ್ ತೋರಿಸುವ ಜಾಲತಾಣವಾದ ಟ್ರೇಡಿಂಗ್‌ವ್ಯೂನ ರಿಪ್ಲೇ ಸೌಲಭ್ಯದಲ್ಲಿ ಒಂದೊಂದೇ ಕ್ಯಾಂಡಲ್ ಬಿಡಿಸುತ್ತಾ, ಸಿ ಬಿಂದು ಮೂಡಿದ ಕೂಡಲೇ ಡಿ ವಲಯ, ಸ್ಟಾಪ್‌ಲಾಸ್, ಗುರಿ ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೆ ಅದೇ ಚಾರ್ಟುಗಳಲ್ಲಿ 0.786ರ ಬದಲು 0.72, 0.886ರ ಬದಲು 0.83 ಎಂಬಂಥ ಯಾವುದೇ ಹೆಸರಿಲ್ಲದ ಅನುಪಾತಗಳನ್ನು ಬಳಸಿ ಪರೀಕ್ಷಿಸಿ. ಎರಡರ ಫಲಿತಾಂಶವೂ ಒಂದೇ ಥರ ಬಂದರೆ ನಿಮಗೆ ನೆರವಾಗುತ್ತಿರುವುದು ಫಿಬೊನಾಚಿ ಅಲ್ಲ, ಸ್ಟಾಪ್‌ಲಾಸಿನ ಶಿಸ್ತು ಎಂದು ಅರ್ಥ. ಈ ಪರೀಕ್ಷೆ ಮುಗಿಯುವವರೆಗೆ ಹಣ ಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಉತ್ತರ 3 (ಗಂಗಾವತಿ, ಕೊಪ್ಪಳ ಜಿಲ್ಲೆ)

ನೀವು ಭತ್ತದ ವ್ಯವಹಾರದಲ್ಲಿರುವುದರಿಂದ ಒಂದು ಮಾತು. ನಮ್ಮ ಮಂಡಿಯ ದರಪಟ್ಟಿಯನ್ನು ಚಾರ್ಟ್ ಮಾಡಿ ಅದರ ಮೇಲೆ ಪ್ಯಾಟರ್ನ್ ಎಳೆಯುವವರನ್ನು ಇಲ್ಲಿ ಕಂಡಿದ್ದೇನೆ. ಆ ದರ ತಳಿ, ತೇವಾಂಶ, ಅಂದಿನ ಆವಕದ ಮೇಲೆ ನಿಂತಿರುತ್ತದೆ. ನಿನ್ನೆಯ ಮಾಲು ಬೇರೆ, ಇಂದಿನದು ಬೇರೆ. ಬಾಸ್ಮತಿಯಲ್ಲದ ಭತ್ತದ ವಾಯಿದೆ ವಹಿವಾಟನ್ನು (ಮುಂದಿನ ದಿನಾಂಕದ ಮಾಲಿಗೆ ಈಗಲೇ ದರ ನಿಗದಿ ಮಾಡುವ ಫ್ಯೂಚರ್ಸ್) 2021ರ ಡಿಸೆಂಬರಿನಲ್ಲಿ ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತಡೆಹಿಡಿಯಿತು. ಹತ್ತಿಯಲ್ಲಿ ವಾಯಿದೆ ಇದ್ದರೂ ವಹಿವಾಟು ತೆಳುವಾಗಿರುವುದರಿಂದ ಬೆಲೆ ಜಿಗಿದು ತೆರೆದುಕೊಂಡು ಸ್ಟಾಪ್‌ಲಾಸನ್ನು ದಾಟಿಹೋಗಬಹುದು. 2025ರ ಆಗಸ್ಟಿನಲ್ಲಿ ಹತ್ತಿಯ ಮೇಲಿನ ಶೇ 11ರ ಆಮದು ಸುಂಕ ತಾತ್ಕಾಲಿಕವಾಗಿ ರದ್ದಾಯಿತಲ್ಲ, ಅಂಥ ಸುದ್ದಿಯನ್ನು ಯಾವ ಅನುಪಾತವೂ ಮುಂಚೆ ತೋರಿಸುವುದಿಲ್ಲ.

ಆಪ್ಷನ್ಸ್‌ಗೆ ಮಾತ್ರ ಹೋಗಬೇಡಿ. ಡಿ ಬಿಂದುವಿನಲ್ಲಿ ಬೆಲೆ ಮೂರು ದಿನ ಅಲ್ಲೇ ಅಡ್ಡಾಡಿ ಆಮೇಲೆ ತಿರುಗಿದರೆ ಷೇರು ಇಟ್ಟುಕೊಂಡವನಿಗೆ ನಷ್ಟವಿಲ್ಲ, ಆದರೆ ಕಾಲ್ (ನಿಗದಿತ ಬೆಲೆಗೆ, ನಿಗದಿತ ದಿನದವರೆಗೆ ಷೇರು ಕೊಳ್ಳುವ ಹಕ್ಕು) ಕೊಂಡವನು ಅದಕ್ಕೆ ತೆತ್ತ ಪ್ರೀಮಿಯಂ ಅಷ್ಟರಲ್ಲಿ ಕರಗಿರುತ್ತದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಹಾಗೂ ಆಪ್ಷನ್ಸ್ ವ್ಯಾಪಾರ ಮಾಡಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇ 93ರಷ್ಟು ಜನ ನಷ್ಟ ಅನುಭವಿಸಿದ್ದಾರೆ ಎಂಬುದು ಸೆಬಿಯದೇ ಅಧ್ಯಯನ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ವಂದನೆಗಳು. ಹೆಸರಿಲ್ಲದ ಅನುಪಾತಗಳಿಂದ ಹೋಲಿಸುವ ಪರೀಕ್ಷೆಯನ್ನು ಖಂಡಿತ ಮಾಡುತ್ತೇನೆ. ಬಳ್ಳಾರಿಯ ಅಣ್ಣನವರಲ್ಲಿ ಇನ್ನೊಂದು ವಿಚಾರ: ಅಂಗಡಿ ಸಮಯದಲ್ಲಿ ಫೋನ್ ನೋಡಲಾಗದ ನನಗೆ 15 ನಿಮಿಷದ ಚಾರ್ಟಿಗಿಂತ ದಿನದ ಚಾರ್ಟ್ ಒಳ್ಳೆಯದಲ್ಲವೇ?

ಉತ್ತರ 4 (ಬಳ್ಳಾರಿ)

ದಿನದ ಚಾರ್ಟೇ ಸರಿ. ಮಧ್ಯಾಹ್ನ 3.30ಕ್ಕೆ ಪೇಟೆ ಮುಗಿದ ಮೇಲೆ ಸಂಜೆ ಕುಳಿತು ಲೆಕ್ಕ ಹಾಕಿ, ಮರುದಿನದ ಆರ್ಡರನ್ನು ಸ್ಟಾಪ್‌ಲಾಸ್ ಸಮೇತ ಇಟ್ಟುಬಿಡಬಹುದು. ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ರ ಷೇರುಗಳಿಗೆ ಸೀಮಿತವಾಗಿರಿ, ಡೆಲಿವರಿಯಲ್ಲೇ (ಅದೇ ದಿನ ಮಾರದೆ ಷೇರು ಖಾತೆಗೆ ಬರುವಂತೆ) ಕೊಳ್ಳಿ. ದಿನದ ಚಾರ್ಟಿನಲ್ಲಿ ಎಕ್ಸ್ ಬಿಂದು ಹಲವು ತಿಂಗಳ ಹಿಂದಿನದಾಗಿರುವುದು ಸಾಮಾನ್ಯ. ಆ ನಡುವೆ ಕಂಪನಿ ಬೋನಸ್ (ಉಚಿತ ಹೆಚ್ಚುವರಿ ಷೇರು) ಕೊಟ್ಟಿದ್ದರೆ ಅಥವಾ ಷೇರನ್ನು ವಿಭಜಿಸಿದ್ದರೆ ಹಳೆಯ ಬೆಲೆಗಳನ್ನು ಅದಕ್ಕೆ ತಕ್ಕಂತೆ ಸರಿಪಡಿಸಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ. ಸರಿಪಡಿಸದ ಚಾರ್ಟಿನಲ್ಲಿ 1:1 ಬೋನಸ್ ಆದ ದಿನ ಬೆಲೆ ಅರ್ಧಕ್ಕೆ ಬಿದ್ದಂತೆ ಕಾಣುತ್ತದೆ, ಅದರ ಮೇಲೆ ಎಳೆದ ಎಕ್ಸ್‌ಎ ಗೆರೆಗೆ ಯಾವ ಅರ್ಥವೂ ಇರುವುದಿಲ್ಲ. ನಿಮ್ಮ 370ರ ತಳ ಅಂಥದ್ದಲ್ಲವಷ್ಟೇ? ಒಮ್ಮೆ ಪರಿಶೀಲಿಸಿ ತಿಳಿಸಿ.