ಸಿಮ್ಯುಲೇಟರ್‌ನಿಂದ ಟ್ರ್ಯಾಕ್‌ಗೆ: ರೇಸಿಂಗ್ ತರಬೇತುದಾರರನ್ನು ಕೇಳಿ

ಮಂಡ್ಯದ ಸದಸ್ಯ: ನಮಸ್ಕಾರ ಸರ್. ಮನೆಯಲ್ಲಿ ಪರದೆಯ ಮುಂದೆ ಕೂತು ರೇಸಿಂಗ್ ಅಭ್ಯಾಸ ಮಾಡುವ ಸಿಮ್ಯುಲೇಟರ್‌ಗೆ ಮೊದಲು ಒಳ್ಳೆಯ ಸ್ಟೀರಿಂಗ್ ಕೊಳ್ಳಲೋ, ಪೆಡಲ್ ಕೊಳ್ಳಲೋ?

ತರಬೇತುದಾರ: ನಮಸ್ಕಾರ. ಪೆಡಲ್, ಅದರಲ್ಲೂ ಲೋಡ್ ಸೆಲ್ ಇರುವ ಬ್ರೇಕ್. ಅಗ್ಗದ ಪೆಡಲ್ ಕಾಲು ಎಷ್ಟು ದೂರ ಹೋಯಿತೆಂದು ಅಳೆಯುತ್ತದೆ. ಲೋಡ್ ಸೆಲ್ ಎಷ್ಟು ಬಲವಾಗಿ ಒತ್ತಿದಿರೆಂದು ಅಳೆಯುತ್ತದೆ. ರೇಸ್ ಕಾರಿನಲ್ಲಿ ಕಾಲಿಗೆ ನೆನಪಿರಬೇಕಾದದ್ದು ಆ ಬಲ.

ತುಮಕೂರಿನ ಸದಸ್ಯ: ಎರಡು ವರ್ಷ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿ, ಕಳೆದ ವಾರ ಚೆನ್ನೈ ಸಮೀಪದ ಟ್ರ್ಯಾಕ್‌ನಲ್ಲಿ ಮೊದಲ ಬಾರಿ ಕಾರು ಓಡಿಸಿದೆ. ಒಂದೇ ತಿರುವಿನಲ್ಲಿ ಮೂರು ಸಲ ಗಿರಕಿ ಹೊಡೆದೆ. ಪರದೆಯ ಮೇಲೆ ಅಂಥದ್ದನ್ನು ಎಷ್ಟೋ ಸಲ ಸರಿಪಡಿಸಿದ್ದೇನೆ.

ತರಬೇತುದಾರ: ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಿರಾ?

ತುಮಕೂರಿನ ಸದಸ್ಯ: ಮೂರೂ ಸಲ, ಸರ್.

ಹಾಸನದ ಸದಸ್ಯ: ಯಾವ ಸ್ಟೀರಿಂಗ್ ಕೊಳ್ಳಲಿ?

ತರಬೇತುದಾರ: ಹಾಸನದವರು ಮೇಲೆ ಓದಿ.
ತುಮಕೂರಿನವರಿಗೆ: ಕಾಲು ತೆಗೆದೊಡನೆ ಭಾರ ಮುಂದಿನ ಚಕ್ರಗಳ ಮೇಲೆ ಬಿತ್ತು, ಹಿಂದಿನ ಟೈರುಗಳು ಹಗುರಾಗಿ ಹಿಡಿತ ಬಿಟ್ಟವು. ಒಳ್ಳೆಯ ಸಿಮ್ಯುಲೇಟರ್‌ನಲ್ಲೂ ಹೀಗೆಯೇ ಆಗುತ್ತದೆ. ಆದರೆ ಅಲ್ಲಿ ನಿಮಗೆ ಹೆದರಿಕೆಯಿಲ್ಲ, ಹಾಗಾಗಿ ಕಾಲು ತೆಗೆಯುವುದಿಲ್ಲ. ಇನ್ನೊಂದು ವಿಷಯ. ಮನೆಯಲ್ಲಿ ಜಾರಿದ ಸುದ್ದಿ ಕಣ್ಣಿಗೆ ಮತ್ತು ಕೈಗೆ ಬರುತ್ತದೆ. ಕಾರಿನಲ್ಲಿ ಅದು ಮೊದಲು ಸೊಂಟಕ್ಕೆ ತಿಳಿಯುತ್ತದೆ. ನೀವು ಸ್ಟೀರಿಂಗ್ ಹೇಳಲೆಂದು ಕಾದಿರಿ, ಅಷ್ಟರಲ್ಲಿ ಕಾರಿನ ಹಿಂಬದಿ ಮುಂದಕ್ಕೆ ಬಂದಿತ್ತು. ಟ್ರ್ಯಾಕ್ ಬಾಯಿಪಾಠವಾಗಿರುವ ಹುಡುಗರೇ ಹೀಗೆ ಸಿಕ್ಕಿಬೀಳುತ್ತಾರೆ, ಏಕೆಂದರೆ ಮೊದಲ ಸುತ್ತಿನಲ್ಲೇ ಅವರಿಗೆ ಪರದೆಯ ವೇಗ ಬೇಕು. ಬ್ರೇಕ್ ಹಾಕುವುದನ್ನು ತಿರುವಿಗೆ ಮೊದಲೇ ಮುಗಿಸಿ, ನಿಧಾನವಾಗಿ ಒಳಹೊಕ್ಕು, ಆಕ್ಸಿಲರೇಟರ್ ಮೇಲೆ ಕಾಲನ್ನು ಹಗುರವಾಗಿ ಇಟ್ಟುಕೊಂಡೇ ಹೊರಬನ್ನಿ. ಲ್ಯಾಪ್ ಸಮಯ ನೋಡಬೇಡಿ. ಅಂದಹಾಗೆ, ತಲೆಗೆ ಏಟು ಬಿದ್ದಿತೇ?

ತುಮಕೂರಿನ ಸದಸ್ಯ: ಮೂರನೆಯ ಸಲ ಸ್ವಲ್ಪ ತಾಗಿತು. ಈಗಲೂ ತಲೆನೋವಿದೆ. ಶನಿವಾರ ಮತ್ತೆ ಹೋಗುತ್ತಿದ್ದೇನೆ.

ತರಬೇತುದಾರ: ಹೋಗಬೇಡಿ. ಮೇಲೆ ಬರೆದದ್ದನ್ನೆಲ್ಲ ಬದಿಗಿಡಿ. ಇಂದೇ ವೈದ್ಯರನ್ನು ನೋಡಿ. ಅವರು ಸರಿ ಎನ್ನುವವರೆಗೆ ಕಾರೂ ಬೇಡ, ಸಿಮ್ಯುಲೇಟರ್ ಕೂಡ ಬೇಡ.

ದಾವಣಗೆರೆಯ ಸದಸ್ಯ: ಬಂದ ಸಂದೇಶವನ್ನು ಹಂಚಿಕೊಳ್ಳುತ್ತಿದ್ದೇನೆ: ಹೆಲ್ಮೆಟ್‌ಗೆ ಐದು ಕಿಲೋ ಮರಳಿನ ಚೀಲ ಕಟ್ಟಿ ದಿನಕ್ಕೆ ನೂರು ಸಲ ತಲೆ ತಿರುಗಿಸಿದರೆ ಕತ್ತು ಗಟ್ಟಿಯಾಗಿ ತಲೆನೋವು ಬರುವುದಿಲ್ಲ.

ತರಬೇತುದಾರ: ಅಳಿಸಿ. ಕತ್ತಿನ ಮೂಳೆಗೆ ಪೆಟ್ಟಾದರೆ ಈ ಸಂದೇಶ ಬರೆದವನು ನಿಮ್ಮನ್ನು ಆಸ್ಪತ್ರೆಗೆ ಒಯ್ಯುವುದಿಲ್ಲ. ಏಟು ಬಿದ್ದ ತಲೆಗೆ ಇದು ಔಷಧವೇ?

ದಾವಣಗೆರೆಯ ಸದಸ್ಯ: ಒಳ್ಳೆಯದಕ್ಕೆ ಹಾಕಿದೆ ಸರ್.

ಉಡುಪಿಯ ಸದಸ್ಯ: ಆಟ ಆಡಿ ರೇಸರ್ ಆದವರುಂಟೇ?

ಮಂಡ್ಯದ ಸದಸ್ಯ: ಯಾನ್ ಮಾರ್ಡನ್‌ಬರೋ 2011ರಲ್ಲಿ ಜಿಟಿ ಅಕಾಡೆಮಿ ಗೆದ್ದು (ವಿಡಿಯೊ ಗೇಮ್ ಆಡುವವರಿಂದ ರೇಸರ್‌ಗಳನ್ನು ಆರಿಸುತ್ತಿದ್ದ, ಕಾರು ಕಂಪನಿ ನಿಸ್ಸಾನ್‌ನ ಸ್ಪರ್ಧೆ), 2013ರಲ್ಲಿ ಫ್ರಾನ್ಸ್‌ನ 24 ಗಂಟೆಗಳ ಲೆ ಮಾನ್ಸ್ ರೇಸ್‌ನಲ್ಲಿ ಓಡಿಸಿದರು.

ಉಡುಪಿಯ ಸದಸ್ಯ: ಅವರ ಹಿಂದೆ ನಿಸ್ಸಾನ್ ಇತ್ತು, ನಿಜವಾದ ಕಾರಿನಲ್ಲಿ ತರಬೇತಿ ಇತ್ತು. ನಿಮ್ಮ ಹಿಂದೆ ಯಾರಿದ್ದಾರೆ, ಇಎಂಐ?

ಮಂಡ್ಯದ ಸದಸ್ಯ: ನನ್ನ ಇಎಂಐ ನಿಮಗೇಕೆ?

ಬೆಳಗಾವಿಯ ಸದಸ್ಯೆ: ಮಗಳಿಗೆ ಹನ್ನೆರಡು. ರೇಸಿಂಗ್ ಲೈಸೆನ್ಸ್‌ಗೆ ಯಾರನ್ನು ಕೇಳಬೇಕು?

ಉಡುಪಿಯ ಸದಸ್ಯ: ಮಂಡ್ಯದವರೇ, ಸಿಮ್ಯುಲೇಟರ್‌ಗೆ ಹಾಕುವ ಹಣವನ್ನು ಕಾರ್ಟಿಂಗ್‌ಗೆ, ಅಂದರೆ ಪುಟ್ಟ ರೇಸ್ ಕಾರು ಓಡಿಸುವುದಕ್ಕೆ ಹಾಕಿ ಎಂದಷ್ಟೇ ನನ್ನ ಮಾತು.

ಹಾಸನದ ಸದಸ್ಯ: ಸರ್, ಓದಿದೆ. ಆದರೂ ಯಾವ ಸ್ಟೀರಿಂಗ್?

ತರಬೇತುದಾರ: ಬ್ರೇಕ್! ತುಮಕೂರಿನವರೇ, ವೈದ್ಯರ ಬಳಿ ಹೋದಿರಾ?

ದಾವಣಗೆರೆಯ ಸದಸ್ಯ: ತಲೆಸುತ್ತಿಗೆ ಶುಂಠಿ ಕಷಾಯದ ಸಂದೇಶವೂ ಇದೆ, ಹಾಕಲೇ?

ತರಬೇತುದಾರ: ಬೇಡ. ತುಮಕೂರಿನವರೇ?