ಒಂದು ವರ್ಷ ಎಂಟು ತಿಂಗಳು, ಮಗನಿಗೆ ಮಾತು ತಡವಾ? – ವಾಕ್ ಚಿಕಿತ್ಸಕರನ್ನು ಕೇಳಿ

ಪ್ರಶ್ನೆ (ಕಾರವಾರದ ಒಬ್ಬ ತಾಯಿ):
ಮೇಡಂ, ಮಗನಿಗೆ ಒಂದು ವರ್ಷ ಎಂಟು ತಿಂಗಳು. ಸರಿಯಾಗಿ ಹೇಳೋದು ಎರಡೇ ಪದ, ಅಮ್ಮ ಮತ್ತು ಪಪ್ಪ. ಉಳಿದಿದ್ದೆಲ್ಲ ಅರ್ಧಂಬರ್ಧ. ಆಕಳು ಕಂಡರೆ 'ಅಂಬಾ', ನೀರಿಗೆ 'ಜೀಜಿ', ಹಾಲಿಗೆ 'ದೂದ್', ಕಾಗೆಗೆ 'ತಾ', ಹೊರಗೆ ಹೊರಟರೆ 'ಟಾಟಾ'. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆ. ಚಪ್ಪಲಿ ತಗೊಂಡು ಬಾ ಅಂದರೆ ತರುತ್ತಾನೆ. ನನ್ನ ತವರು ಶಿರಸಿ, ನಾನು ಕನ್ನಡ ಮಾತಾಡುತ್ತೇನೆ. ಮನೆಯವರು, ಅತ್ತೆ ಎಲ್ಲ ಕೊಂಕಣಿ. ಎರಡು ಭಾಷೆಯಿಂದ ಮಗುವಿಗೆ ಗೊಂದಲ, ಒಂದನ್ನು ಬಿಡು ಅಂತ ಎಲ್ಲರೂ ಹೇಳುತ್ತಾರೆ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗಿ ಪಟಪಟ ಮಾತಾಡುತ್ತಾಳೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ:
ಮೊದಲು ಲೆಕ್ಕ ಸರಿ ಮಾಡೋಣ. ನೀವು ಎರಡು ಅಂದಿರಿ. ನಿಮ್ಮ ಪ್ರಶ್ನೆಯಲ್ಲೇ ನನಗೆ ಏಳು ಪದ ಸಿಕ್ಕಿತು. ಮಗು ಒಂದು ಸದ್ದನ್ನು ಪ್ರತಿ ಸಲವೂ ಅದೇ ವಸ್ತುವಿಗೆ ಬಳಸಿದರೆ ಅದು ಪದವೇ. 'ಅಂಬಾ' ಪದ, 'ತಾ' ಕೂಡ ಪದ. ಉಚ್ಚಾರ ಸರಿ ಇರಬೇಕಿಲ್ಲ. ರ, ಳ, ಶ ನಾಲಿಗೆಗೆ ಕೂರಲು ಇನ್ನೂ ವರ್ಷಗಳು ಬೇಕು. ರೊಟ್ಟಿ 'ಒಟ್ಟಿ' ಆದರೆ ತಿದ್ದಬೇಡಿ. 'ಹೌದು, ರೊಟ್ಟಿ. ಬಿಸಿ ರೊಟ್ಟಿ' ಅಂತ ನೀವು ಸರಿಯಾಗಿ ಹೇಳಿ ಮುಂದೆ ಹೋಗಿ.

ಒಂದೂವರೆ ವರ್ಷಕ್ಕೆ ಅಮ್ಮ, ಅಪ್ಪ ಬಿಟ್ಟು ಕಡಿಮೆ ಎಂದರೂ ಮೂರು ಪದ ಇರಬೇಕು. ಬಹಳ ಮಕ್ಕಳಿಗೆ ಹತ್ತು ಇಪ್ಪತ್ತು ಇರುತ್ತದೆ. ಎರಡು ವರ್ಷಕ್ಕೆ 50ರ ಆಸುಪಾಸು, ಜೊತೆಗೆ 'ಹಾಲು ಬೇಕು', 'ಅಮ್ಮ ಬಾ' ಅನ್ನುವಂತೆ ಎರಡು ಪದ ಜೋಡಿಸುವುದನ್ನು ನಾವು ಕಾಯುತ್ತೇವೆ. ನಿಮ್ಮ ಮಗ ಸ್ವಲ್ಪ ನಿಧಾನದ ಸಾಲಿನಲ್ಲಿದ್ದಾನೆ. ಆದರೆ ಬೆರಳು ಮಾಡಿ ತೋರಿಸುತ್ತಾನೆ, ಹೇಳಿದ್ದು ತಿಳಿಯುತ್ತದೆ. ಪದಗಳ ಸಂಖ್ಯೆಗಿಂತ ಮೊದಲು ನಾನು ನೋಡುವುದು ಈ ಎರಡನ್ನೇ.

ಭಾಷೆ ಯಾವುದನ್ನೂ ಬಿಡಬೇಡಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಎಷ್ಟು ಮಕ್ಕಳು ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ ಅಂತಲೇ ಬೆಳೆದಿಲ್ಲ? ಎಣಿಸುವಾಗ ಎರಡೂ ಭಾಷೆಯ ಪದ ಸೇರಿಸಿ ಎಣಿಸಿ. ಅಜ್ಜಿ ತನ್ನ ಮಾತು ಬಿಟ್ಟು ಬಾರದ ಕನ್ನಡದಲ್ಲಿ ತಡವರಿಸಿದರೆ ಮಗುವಿಗೆ ನಷ್ಟವೇ ಜಾಸ್ತಿ. ಅವರು ಬಂಗಡೆ ಕೊಯ್ಯುವಾಗ ಮಗನನ್ನು ದೂರ ಕೂರಿಸಿ ತೋರಿಸುತ್ತಾ, ಕೊಂಕಣಿಯಲ್ಲೇ ಮೀನು, ಬಾಲ, ನೀರು, ಬೆಕ್ಕು ಅಂತ ಮಾತಾಡಲಿ. ಗೋಡೆಗೆ ಅಂಟಿಸಿದ ಚಾರ್ಟಿಗಿಂತ ಅದು ಎಷ್ಟೋ ಮೇಲು.

ಇನ್ನು ನಿಮ್ಮ ಮನೆಯಲ್ಲಿ ಏನು ಮಾಡಬಹುದು ಅಂತ. ನಾನು ಎಲ್ಲರಿಗೂ ಹೇಳುವುದು ಒಂದೇ, ಕಾಯಿರಿ. ಕೂಡು ಕುಟುಂಬದಲ್ಲಿ ಮಗು ಬಾಯಿ ಬಿಡುವ ಮೊದಲೇ ಎಲ್ಲ ಕೈಗೆ ಬಂದುಬಿಡುತ್ತದೆ. ಹಿಂದೆ ಒಬ್ಬ ಹುಡುಗ ಅಜ್ಜಿಯ ಮಡಿಲಲ್ಲಿ ಕೂತು ಬಂದಿದ್ದ. ಬಾಳೆಹಣ್ಣಿನ ಕಡೆ ಕಣ್ಣು ಹೋಗಿದ್ದೇ ತಡ, ಅಜ್ಜಿ ಸಿಪ್ಪೆ ಸುಲಿದು ಬಾಯಿಗೆ ಇಟ್ಟಾಯಿತು. ನಾನು ಅವರಿಗೆ ಹೇಳಿದೆ, ಹಣ್ಣನ್ನು ನಿಮ್ಮ ಮುಖದ ಹತ್ತಿರ ಹಿಡಿಯಿರಿ, 'ಬೇಕಾ?' ಅನ್ನಿ, ಆಮೇಲೆ ಸುಮ್ನೆ ಇದ್ದು ಮನಸ್ಸಲ್ಲೇ ಐದು ಎಣಿಸಿ. ಹುಡುಗ ಹಣ್ಣು ನೋಡಿದ, ಅಜ್ಜಿಯ ಮುಖ ನೋಡಿದ, ಕಾಲು ಬಡಿದ. ಮತ್ತೆ ಅಜ್ಜಿಯ ಬಾಯಿಯನ್ನೇ ನೋಡುತ್ತಾ ತುಟಿ ಕೂಡಿಸಿ 'ಬೇ' ಅಂದ. ಅಷ್ಟು ಸಾಕು, ತಕ್ಷಣ ಕೊಟ್ಟುಬಿಡಬೇಕು. 'ಪೂರ್ತಿ ಹೇಳು, ಆಗ ಕೊಡ್ತೇನೆ' ಅಂತ ಹಟ ಮಾಡಿದರೆ ಮಾತು ಶಿಕ್ಷೆ ಆಗುತ್ತದೆ. ಏನೂ ಹೇಳದಿದ್ದರೂ ಐದು ಎಣಿಸಿದ ಮೇಲೆ ನೀವೇ 'ಬೇಕು' ಅಂದು ಕೊಡಿ.

ಬಣ್ಣ, ಎಬಿಸಿಡಿ ಈಗ ಬೇಡ. ಬೇಕು, ಬೇಡ, ಬಾ, ಕೊಡು, ಇಲ್ಲ, ಆಯ್ತು. ದಿನಕ್ಕೆ ನೂರು ಸಲ ಉಪಯೋಗಕ್ಕೆ ಬರುವ ಇಂಥವು ಮೊದಲು ಬರಲಿ. ನೆಂಟರು ಬಂದಾಗ 'ಮೂಗು ಎಲ್ಲಿದೆ? ಇದೇನು ಹೇಳು?' ಅಂತ ಪರೀಕ್ಷೆ ಮಾಡುವುದನ್ನೂ ನಿಲ್ಲಿಸಿ. ಅವನು ನೋಡುತ್ತಿರುವುದರ ಹೆಸರನ್ನು ನೀವೇ ಹೇಳಿ. ಅವನು 'ತಾ' ಅಂದರೆ ನೀವು 'ಕಾಗೆ ಹಾರಿತು' ಅನ್ನಿ.

ಎರಡು ವರ್ಷ ತುಂಬುವಾಗ ಜೋಡಿ ಪದ ಬಂದಿಲ್ಲ ಎಂದರೆ ಕರೆದುಕೊಂಡು ಬನ್ನಿ. ಈಗ ಕಲಿತ ಪದ ಬಿಟ್ಟುಹೋದರೆ ಒಂದು ದಿನವೂ ಕಾಯಬೇಡಿ.

ಅದೇ ತಾಯಿ:
ಓದುತ್ತಾ ಕಣ್ಣು ತುಂಬಿತು ಮೇಡಂ. ಅತ್ತೆಗೂ ಓದಿ ಹೇಳಿದೆ. ಇನ್ನೊಂದು, ಬಜೆ ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದೆ ಅಂತಾರೆ. ಹಚ್ಚಲಾ?

ಉತ್ತರ:
ಬೇಡ. ಬಜೆಯಿಂದ ಮಾತು ಬರುವುದಿಲ್ಲ, ಜಾಸ್ತಿಯಾದರೆ ವಾಂತಿ ಶುರುವಾಗುತ್ತದೆ. ಒಂದು ವರ್ಷದೊಳಗಿನ ಕೂಸಿಗಂತೂ ಜೇನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಯ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ. ಮನೆಯಲ್ಲಿ ಬೇರೆ ಎಳೆ ಮಕ್ಕಳಿದ್ದರೆ ನೆನಪಿಡಿ.

ಪ್ರಶ್ನೆ (ಶಿರಸಿ ಕಡೆಯ ಒಬ್ಬ ತಂದೆ):
ನಮ್ಮ ಮಾಣಿಗೆ ಎರಡೂವರೆ ವರ್ಷ. ಮೊಬೈಲ್ ನೋಡಿ ಒನ್ ಟೂ ತ್ರೀ ಹತ್ತರವರೆಗೆ ಹೇಳುತ್ತಾನೆ. ಆದರೆ ನೀರು ಬೇಕು ಅಂತ ಕೇಳುವುದಿಲ್ಲ, ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಹೆಸರು ಕರೆದರೆ ಕೆಲವು ಸಲ ಮಾತ್ರ ತಿರುಗುತ್ತಾನೆ. ಕಿವಿ ಸರಿ ಇದೆ, ಬಾಗಿಲು ಬಡಿದರೆ ಬೆಚ್ಚುತ್ತಾನೆ. ನಾನೂ ಮೂರು ವರ್ಷಕ್ಕೆ ಮಾತಾಡಿದ್ದಂತೆ. ಇನ್ನಾರು ತಿಂಗಳು ನೋಡಬಹುದಾ?

ಉತ್ತರ:
ನೋಡಬೇಡಿ. ಈ ತಿಂಗಳಲ್ಲೇ ತೋರಿಸಿ. ಹೆದರಿಸಲು ಹೇಳುತ್ತಿಲ್ಲ. ಮಾತು ತಡವಾಗುವುದು ವಂಶದಲ್ಲಿ ಇರಬಹುದು ನಿಜ, ಆದರೆ ನೀವು ಬರೆದ ಮಗುವಿಗೆ ಆ ಕಾರಣ ಸಾಲದು. ಅಂಕಿ ಹೇಳುವುದು ಕೇಳಿದ್ದರ ಪುನರಾವರ್ತನೆ. ನೀರು ಕೇಳುವುದು ಮಾತು. ಹೆಸರಿಗೆ ತಿರುಗದಿರುವುದು, ಬೆರಳು ಮಾಡಿ ತೋರಿಸುವ ಬದಲು ಕೈ ಎಳೆಯುವುದು, ಇವನ್ನು ಕೂತು ನೋಡಲೇಬೇಕು.

ಕಿವಿ ಪರೀಕ್ಷೆ ಎಲ್ಲಕ್ಕಿಂತ ಮೊದಲು. ಬಾಗಿಲ ಸದ್ದು ಕೇಳುವ ಕಿವಿಗೆ ಸ, ಶ, ತ, ಕ ದಂಥ ಮೆತ್ತನೆಯ ಸದ್ದು ಕೇಳದೆ ಇರಬಹುದು. ಪದೇ ಪದೇ ನೆಗಡಿಯಾಗಿ ಕಿವಿಯ ಪರದೆಯ ಹಿಂದೆ ನೀರು ನಿಂತರೂ ಹಾಗಾಗುತ್ತದೆ. ನಮ್ಮ ಮಳೆಗಾಲದಲ್ಲಿ ನೆಗಡಿಗೆ ಬರವಿಲ್ಲ, ಅಲ್ವಾ? ಮೊಬೈಲನ್ನು ಊಟದ ಹೊತ್ತಿನಿಂದ ತೆಗೆಯಿರಿ. ಎರಡು ವರ್ಷದೊಳಗೆ ಬೇಡವೇ ಬೇಡ ಅನ್ನುವುದು ನಮ್ಮ ದೇಶದ ಮಕ್ಕಳ ವೈದ್ಯರ ಸಲಹೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಅಂತ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮಾಣಿಗೆ ಈಗ ಕೆಲವು ವಾರ ಪೂರ್ತಿ ನಿಲ್ಲಿಸಿದರೆ ಒಳ್ಳೆಯದು.

ಅಂಗನವಾಡಿಗೆ ಮಕ್ಕಳನ್ನು ತಪಾಸಣೆ ಮಾಡುವ ಸರ್ಕಾರಿ ತಂಡ ಬರುತ್ತದೆ, ಅದು ಉಚಿತ. ಅವರು ಮುಂದಿನ ಪರೀಕ್ಷೆಗೆ ಬರೆದುಕೊಡುತ್ತಾರೆ. ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಅದೇ ತಂದೆ:
ಆಯ್ತು ಮೇಡಂ, ಕಾರವಾರಕ್ಕೇ ಬರುತ್ತೇವೆ. ಬರುವಾಗ ಏನು ತಯಾರಿ ಬೇಕು?

ಉತ್ತರ:
ಮನೆಯಲ್ಲಿ ಅವನು ಆಡುವ ಒಂದು ಐದು ನಿಮಿಷದ ವಿಡಿಯೋ ಮಾಡಿಕೊಳ್ಳಿ, ಹೊಸ ಜಾಗದಲ್ಲಿ ಮಕ್ಕಳು ಬಾಯಿ ಕಟ್ಟಿಕೊಳ್ಳುತ್ತಾರೆ. ಹೇಳುವ ಪದಗಳನ್ನೆಲ್ಲ, ಅರ್ಧಂಬರ್ಧ ಇದ್ದರೂ, ಬರೆದು ತನ್ನಿ. ಕಿವಿಯ ಒಂದು ಪರೀಕ್ಷೆ ಮಗು ನಿದ್ದೆಯಲ್ಲಿದ್ದಾಗ ಮಾಡುವಂಥದ್ದು. ಅದಕ್ಕೆ ಆ ದಿನ ಬೇಗ ಎಬ್ಬಿಸಿ, ದೇವಿಮನೆ ಘಟ್ಟ ಇಳಿಯುವಾಗ ಮಾತ್ರ ಮಲಗಲು ಬಿಡಬೇಡಿ. ಆ ತಿರುವುಗಳಲ್ಲಿ ಎಲ್ಲ ಮಕ್ಕಳೂ ಮಲಗುತ್ತಾರೆ, ಇಲ್ಲಿಗೆ ಬಂದ ಮೇಲೆ ಯಾರೂ ಮಲಗುವುದಿಲ್ಲ. ಒಬ್ಬರು ಗಾಡಿ ಓಡಿಸಲಿ, ಇನ್ನೊಬ್ಬರು ಹಿಂದೆ ಕೂತು ದಾರಿಯುದ್ದಕ್ಕೂ ಅವನ ಜೊತೆ ಮಾತಾಡುತ್ತಾ ಬನ್ನಿ.